ಬಾಟಲಿಯಲ್ಲಿ ಬಿತ್ತಿದ ಬಿಳಿ ಸೀತಾಳೆ

ಪುಟ್ಟೀ, ಅಪ್ಪೀ, ಕಳೆದ ಬೇಸಿಗೆ ರಜೆಯಲ್ಲಿ ನೀವು ಕಿರವತ್ತಿಯಿಂದ ಬಂದಾಗ ನಮ್ಮ ಮನೆಯ ಕಿಟಕಿ ಹಲಗೆಯ ಮೇಲಿದ್ದ ಬಾಟಲಿಗಳನ್ನು ನೋಡಿ, "ಅಜ್ಜೀ, ಇದು ಜೆಲ್ಲಿಯಾ? ತಿನ್ನಬಹುದಾ?" ಎಂದು ಕೇಳಿದಿರಿ. ಆಗ ಜಗಲಿಯಲ್ಲಿ ನೆಂಟರು ಕೂತಿದ್ದರು. ನಾಲ್ಕು ಜನ ಇದ್ದಲ್ಲಿ ನನಗೆ ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. "ತಿನ್ನುವಂಥದ್ದಲ್ಲ, ಮುಚ್ಚಳ ಮುಟ್ಟಬೇಡಿ" ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದೆ. ಅಪ್ಪಿ ಮುಖ ಊದಿಸಿಕೊಂಡು ಕೂತ. ಪುಟ್ಟಿ ಮಾತ್ರ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು.

ಅದೇನು, ಅಲ್ಲಿಗೆ ಹೇಗೆ ಬಂತು ಎಂಬುದನ್ನು ಈಗ ಬರೆಯುತ್ತೇನೆ. ನಾನು ಓದಿದ್ದು ಮನ್ಮನೆ ಶಾಲೆಯಲ್ಲಿ, ಏಳನೆಯ ತರಗತಿಯ ತನಕ. ದೊಡ್ಡ ಮಾತು ಬರುವುದಿಲ್ಲ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ, ಅದೊಂದು ಧೈರ್ಯ.

ಸೀತಾಳೆ ದಂಡೆಯನ್ನು ನೀವು ನೋಡಿದ್ದೀರಿ. ಯಲ್ಲಾಪುರದ ರಸ್ತೆ ಬದಿಯ ಮರಗಳ ಮೇಲೆ, ಮಳೆ ಶುರುವಾಗುವ ಹೊತ್ತಿಗೆ, ಹೆಣೆದ ಜಡೆಯ ಹಾಗೆ ಕೆಳಗೆ ಇಳಿಬೀಳುವ ಹೂವು. ಅದಕ್ಕೆ ಮಣ್ಣು ಬೇಡ. ತೊಗಟೆಯನ್ನು ಬೇರಿನಿಂದ ಅಪ್ಪಿಕೊಂಡು ಗಾಳಿ, ಮಳೆ, ಇಬ್ಬನಿಯಲ್ಲೇ ಬದುಕುತ್ತದೆ. ಮರದ ರಸ ಹೀರುವುದಿಲ್ಲ. ಎಲ್ಲ ಕಡೆಯದೂ ಬಿಳಿಯ ಮೇಲೆ ನೇರಳೆ ಚುಕ್ಕೆಯದು. ನಮ್ಮದು ಮಾತ್ರ ಪೂರಾ ಬಿಳಿ, ಹುಡುಕಿದರೂ ಒಂದು ಚುಕ್ಕೆ ಸಿಗುತ್ತಿರಲಿಲ್ಲ.

ಅದು ಮೊದಲು ಇದ್ದದ್ದು ಮನ್ಮನೆಯಲ್ಲಿ, ನನ್ನ ತವರಿನ ಗದ್ದೆ ಬದುವಿನ ಹಲಸಿನ ಮರದ ಮೇಲೆ. ಬಾಗಿಲು, ಕಿಟಕಿ ಮಾಡಿಸಲು ಆ ಮರ ಕಡಿಸಿದ ದಿನ ನಿಮ್ಮ ಅಜ್ಜನೂ ಅಲ್ಲಿದ್ದರು. ಎಲ್ಲರೂ ಹಲಗೆ ಎಷ್ಟು ಬರುತ್ತದೆ ಎಂದು ದಿಮ್ಮಿ ನೋಡುತ್ತಿದ್ದರೆ ಇವರು ಬಿದ್ದ ಕೊಂಬೆಯ ಮೇಲೆ ಕೂತು ಸೀತಾಳೆಯ ಬೇರನ್ನು ಒಂದೊಂದಾಗಿ ಬಿಡಿಸಿದರು. ಒದ್ದೆ ಗೋಣಿಯಲ್ಲಿ ಸುತ್ತಿ, ಸಿದ್ದಾಪುರದಲ್ಲಿ ಒಂದು ಬಸ್ಸು, ಶಿರಸಿಯಲ್ಲಿ ಒಂದು ಬಸ್ಸು ಬದಲಿಸಿ, ಹುಲೇಕಲ್ ತನಕ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಪಕ್ಕದ ಸೀಟಿನವನು "ಎಂತದು ಮಾರಾಯ, ಕೋಳಿಯಾ?" ಎಂದು ಕೇಳಿದ್ದಕ್ಕೆ, "ಹೌದು, ಮೊಟ್ಟೆ ಇಡೂದು ವರ್ಷಕ್ಕೆ ಒಂದೇ ಸಲ" ಎಂದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಗು ತಡೆದುಕೊಂಡೆ.

ಅದನ್ನು ನಮ್ಮ ಹುಲ್ಲುಬಣವೆಯ ಪಕ್ಕದ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿದರು. ನೀರು ಹಾಕುವುದು, ಗೊಬ್ಬರ ಕೊಡುವುದು ಏನೂ ಇಲ್ಲ. ಹೂ ಬಿಟ್ಟ ದಿನ ಬೆಳಿಗ್ಗೆ ಚಹಾದ ಲೋಟ ಹಿಡಿದು ಮರದ ಕೆಳಗೆ ನಿಂತು, "ಬಂತು" ಎನ್ನುತ್ತಿದ್ದರು. ಒಂದು ಗೊಂಚಲು ಕಿತ್ತು ಬಾಗಿಲ ಹತ್ತಿರ ಇಡುತ್ತಿದ್ದರು. ಮುಡಿದುಕೋ ಎಂದು ಬಾಯಿಬಿಟ್ಟು ಒಮ್ಮೆಯೂ ಹೇಳಿದವರಲ್ಲ. ಅವರೂ ನನ್ನ ಹಾಗೆಯೇ.

ಅವರು ಹೋದ ಮೇಲೆ ಹೂವು ಮರದಲ್ಲೇ ಅರಳಿ ಮರದಲ್ಲೇ ಒಣಗುತ್ತಿತ್ತು.

ಇನ್ನು ಬಾಟಲಿಯ ವಿಷಯ. ಹುಲೇಕಲ್‌ನಲ್ಲಿ ನಮ್ಮ ಹೆಂಗಸರ ಸಂಘ ಇದೆ. ಹಳೆಯ ಗೋದಾಮಿನ ಹಿಂದಿನ ಕೋಣೆಯಲ್ಲಿ ಮೊದಲು ಹಪ್ಪಳ, ಉಪ್ಪಿನಕಾಯಿ ಮಾಡುತ್ತಿದ್ದೆವು. ಸಂಘದ ಯಜಮಾನಿಕೆ ನನ್ನ ವಾರಗಿತ್ತಿಯದು, ಎಂದರೆ ನಿಮ್ಮ ಚಿಕ್ಕಜ್ಜಿಯದು. ಪಕ್ಕದ ಮನೆ, ಜೋರು ಬಾಯಿ, ಜೋರು ಎಮ್ಮೆ. ಅವಳೇ ಒಂದು ದಿನ ಶಿರಸಿಯಿಂದ ಒಬ್ಬ ಮೇಡಂನನ್ನು ಕರೆದುಕೊಂಡು ಬಂದಳು. ಮೇಡಂ ಬನವಾಸಿ ಕಡೆಯವರು. ಗಿಡಗಳ ವಿದ್ಯೆ ಓದಿದ್ದಾರೆ, ಇನ್ನೂ ಮದುವೆಯಾಗಿಲ್ಲ. ಕಾಡಿನ ಸೀತಾಳೆಯನ್ನು ಜನ ಮರದಿಂದ ಕಿತ್ತು ಮಾರಿ ಖಾಲಿ ಮಾಡುತ್ತಿದ್ದಾರೆ, ಬೀಜದಿಂದ ಸಸಿ ಮಾಡಿ ಕೊಟ್ಟರೆ ಕಾಡಿನದು ಉಳಿಯುತ್ತದೆ ಎಂಬುದು ಅವರ ಮಾತು.

ಸೀತಾಳೆಯ ಬೀಜ ಎಂದರೆ ಹಿಟ್ಟು. ಒಂದು ಕಾಯಿಯೊಳಗೆ ಲೆಕ್ಕ ಹಾಕಲಾಗದಷ್ಟು ಇರುತ್ತದೆ, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಭತ್ತದ ಕಾಳಿನೊಳಗೆ ಮೊಳಕೆಗೆ ಬೇಕಾದ ಅನ್ನ ಇರುತ್ತದೆ. ಈ ಬೀಜದಲ್ಲಿ ಅದು ಇಲ್ಲ. ಕಾಡಿನಲ್ಲಾದರೆ ತೊಗಟೆಯ ಮೇಲಿನ ಯಾವುದೋ ಬೂಷ್ಟು ಅದಕ್ಕೆ ಊಟ ಕೊಡುತ್ತದಂತೆ. ಬಾಟಲಿಯಲ್ಲಾದರೆ ನಾವೇ ಉಣಿಸಬೇಕು. ದೊಡ್ಡ ಲ್ಯಾಬಿನಲ್ಲಿ ಆ ಊಟಕ್ಕೆ ದುಬಾರಿ ಪುಡಿಗಳನ್ನು ಹಾಕುತ್ತಾರೆ. ಮೇಡಂ ನಮಗೆ ಕಲಿಸಿದ್ದು ಅಡಿಗೆಮನೆಯ ಸಾಮಾನಿನ ಊಟ. ಸಕ್ಕರೆ, ಎಳನೀರು, ಕಳಿತ ಬಾಳೆಹಣ್ಣು, ಗಿಡಕ್ಕೆ ಹಾಕುವ ಗೊಬ್ಬರದ ಒಂದು ಚಿಟಿಕೆ. ಗಟ್ಟಿಯಾಗಲು ಅಂಗಡಿಯ ಇಸಬಗೋಲು. ಹಿಡಿದಿಟ್ಟ ಮಳೆನೀರಿನಲ್ಲಿ ಕಲಸಿ, ಗಂಟಾಗದ ಹಾಗೆ ತಿರುವುತ್ತ ಕಾಸಿದರೆ ಥೇಟ್ ರಾಗಿ ಮಣ್ಣಿಯ ಹದ. ಅದನ್ನು ಜಾಮಿನ ಬಾಟಲಿಗಳ ತಳಕ್ಕೆ ಹೊಯ್ದು, ಮುಚ್ಚಳ ಹಾಕಿ, ದೊಡ್ಡ ಕುಕ್ಕರಿನಲ್ಲಿ ಬೇಯಿಸುವುದು.

"ಮದ್ವೆ ಆದಾಗ್ನಿಂದ ಗಂಡಂಗೆ ಇಷ್ಟು ಎಳನೀರು ಕುಡಿಸಲಿಲ್ಲ ನಾನು" ಎಂದು ಒಬ್ಬಳು.

"ಕುಡಿಸಿದ್ರೆ ಅವನಿಗೂ ಎಲೆ ಬರ್ತಿತ್ತೇನೋ" ಎಂದು ಚಿಕ್ಕಜ್ಜಿ.

ಕೋಣೆಯೆಲ್ಲ ನಗು. ಮೇಡಂ ಕೂಡ ನಕ್ಕರು. ಆಮೇಲೆ ಮುಖ್ಯ ಪಾಠ ಹೇಳಿದರು. ಈ ಊಟ ಸೀತಾಳೆಗೆ ಹೇಗೆ ರುಚಿಯೋ ಬೂಷ್ಟಿಗೂ ಹಾಗೇ ರುಚಿ. ಬೀಜ ಕಣ್ಣು ಬಿಡಲು ತಿಂಗಳುಗಟ್ಟಲೆ ಬೇಕು, ಬೂಷ್ಟಿಗೆ ಎರಡು ದಿನ ಸಾಕು. ಆದ್ದರಿಂದ ಬಿತ್ತುವ ಕೆಲಸ ಮುಚ್ಚಿದ ಪೆಟ್ಟಿಗೆಯೊಳಗೇ ಆಗಬೇಕು. ಮೀನು ಸಾಕುವ ಗಾಜಿನ ತೊಟ್ಟಿಯನ್ನು ಅಡ್ಡ ಮಲಗಿಸಿ, ಎದುರಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರಲ್ಲಿ ಎರಡು ತೂತು ಮಾಡಿ, ಹಳೆಯ ಶರ್ಟಿನ ತೋಳುಗಳನ್ನು ಹೊಲಿದಿದ್ದರು. ಬ್ಲೀಚಿಂಗ್ ನೀರಿನಲ್ಲಿ ಒಳಗೆಲ್ಲ ಒರೆಸಿ, ಆ ತೋಳಿನೊಳಗೆ ಕೈ ತೂರಿಸಿ, ಒಳಗೇ ಕಾಯಿ ಕೊಯ್ದು, ಒಳಗೇ ಬಾಟಲಿಗೆ ಬೀಜ ಉದುರಿಸಿ, ಒಳಗೇ ಮುಚ್ಚಳ ಹಾಕಬೇಕು.

"ಕೈಯಾಗ ಏನೂ ಇರಬಾರದ್ರಿ" ಎಂದರು ಮೇಡಂ. "ಬಳಿ, ಉಂಗುರ, ದಾರ, ಎಲ್ಲಾ ತಗದು ಮೊಣಕೈ ತನಕ ಸೋಪು ಹಚ್ಚಿ ತೊಳೀರಿ."

ಹೆಂಗಸರು ಬಳೆಗಳನ್ನು ಒತ್ತಿ ಹಿಡಿದುಕೊಂಡರು. ಚಿಕ್ಕಜ್ಜಿ ಬಾಯಿ ಬಿಟ್ಟಳು. "ಮೇಡಂ, ಬಂಗಾರದ್ದಾದ್ರೆ ತೆಗೀಬಹುದು. ಗಾಜಿಂದು ಹೆಂಗೆ ತೆಗೆಯೂದು?"

"ಒಂದು ತಾಸು ಅಷ್ಟ ಅಲ್ರೀ."

"ನಿಮಗೆ ಹೇಳೂಕೆ ಸುಲಭ. ನಿಮ್ಮ ಕೈಯಲ್ಲಿ ಇರೂದೇ ವಾಚು."

ಮತ್ತೆ ನಗು. ಆದರೆ ಮುಂದಿನ ಸಲ ಬರುವಾಗ ಎಲ್ಲರೂ ಒಪ್ಪಿಕೊಂಡೇ ಬಂದಿದ್ದರು. ಬಾಗಿಲ ಹತ್ತಿರ ಒಂದು ತಟ್ಟೆ ಇಟ್ಟರು, ಬಳೆಗಳನ್ನೆಲ್ಲ ಬಿಚ್ಚಿ ಅದರಲ್ಲಿ ಹಾಕಿದರು. ಮೇಡಂಗೆ ಬಹಳ ಸಂತೋಷವಾಯಿತು.

ನನಗೆ ಅದ್ಯಾವುದೂ ತಾಗುತ್ತಿರಲಿಲ್ಲ. ನಾನು ಹಿಂದಿನ ನಲ್ಲಿಯ ಹತ್ತಿರ ಬಾಟಲಿ ತೊಳೆಯುವವಳು. ಯಾರೂ ಹಾಗೆ ಹೇಳಿ ಕೂರಿಸಿದ್ದಲ್ಲ. ನಮ್ಮಲ್ಲಿ ಬಿತ್ತನೆ ಎಂದರೆ ಮುತ್ತೈದೆಯ ಕೈಯಿಂದಲೇ ಶುರುವಾಗಬೇಕು. ಗದ್ದೆಗೆ ಒಯ್ಯುವ ಬೀಜದ ಬುಟ್ಟಿಗೆ ಅರಿಶಿನ ಕುಂಕುಮ ಹಚ್ಚುವುದೂ ಅವರೇ. ಇಲ್ಲಿಯೂ ಹೆಂಗಸರು ಪೆಟ್ಟಿಗೆಗೆ, ಕುಕ್ಕರಿಗೆ, ಇಸಬಗೋಲಿನ ಡಬ್ಬಿಗೆ ಕುಂಕುಮ ಹಚ್ಚಿಯೇ ಕೈ ಹಾಕುತ್ತಿದ್ದರು. ಆ ಕುಂಕುಮದ ತಟ್ಟೆ ನನ್ನ ಹತ್ತಿರ ಬರುವ ಮೊದಲೇ ನಾನು ಬಾಟಲಿ ತುಂಬಿದ ಬುಟ್ಟಿ ಎತ್ತಿಕೊಂಡು ನಲ್ಲಿಗೆ ಹೋಗಿಬಿಡುತ್ತಿದ್ದೆ. ಹೋಗದೆ ನಿಂತರೆ ಅವರಿಗೂ ಕಷ್ಟ, ನನಗೂ ಕಷ್ಟ. ನಿಮ್ಮ ಅಜ್ಜ ಹೋದ ಮೇಲೆ ಬರಿದಾದ ಕೈಯನ್ನು ಸೆರಗಿನ ಒಳಗೆ ಇಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ನಲ್ಲಿಯ ಕೆಳಗೆ, ನೀರಿನಲ್ಲಿ, ಕೈಯನ್ನು ಯಾರೂ ನೋಡುವುದಿಲ್ಲ.

ಮೊದಲ ಸಲ ಬಿತ್ತಿದ್ದು ರಸ್ತೆ ಬದಿಯ ನೇರಳೆ ಸೀತಾಳೆಯ ಕಾಯಿ. ವಾರ ಕಳೆಯುವುದರೊಳಗೆ ಬಾಟಲಿಯಲ್ಲೆಲ್ಲ ಹತ್ತಿಯ ಹಾಗೆ ಬಿಳಿ ಬೂಷ್ಟು ಎದ್ದಿತು. ಎರಡನೆಯ ಸಲವೂ ಹಾಗೇ ಆಯಿತು. ಮೇಡಂ ಕುಕ್ಕರಿನ ರಬ್ಬರು ಬದಲಿಸಿದರು, ಹೊಸ ಬ್ಲೀಚಿಂಗ್ ಪುಡಿ ತಂದರು, ಕಿಟಕಿಗೆ ಕಾಗದ ಅಂಟಿಸಿದರು. ಮತ್ತೊಮ್ಮೆ ಬಿತ್ತಿದರು. ಆ ಸಲ ಹಸಿರು ಬೂಷ್ಟು, ಕರಿ ಬೂಷ್ಟು. ಬೀಜ ಹಾಕದೆ ಸುಮ್ಮನೆ ಬೇಯಿಸಿಟ್ಟ ಬಾಟಲಿಗಳು ಮಾತ್ರ ಕನ್ನಡಿಯಂತೆ ಚೊಕ್ಕ. "ಊಟದಾಗ ತಪ್ಪಿಲ್ರಿ. ಬಿತ್ತೂ ಮುಂದ ಏನೋ ಒಳಗ ಹೋಗಾಕತ್ತೈತಿ" ಎಂದು ಮೇಡಂ ಬೇಸರದಿಂದ ಕೂತರು. ಕೆಟ್ಟ ಬಾಟಲಿಗಳೆಲ್ಲ ಮತ್ತೆ ನನ್ನ ಬುಟ್ಟಿಗೆ ಬಂದವು. ಬಿಸಿನೀರು ಹೊಯ್ದು ತೊಳೆದೆ.

ಅಷ್ಟರಲ್ಲಿ ದೀಪಾವಳಿ ಕಳೆದಿತ್ತು. ಒಂದು ಬೆಳಿಗ್ಗೆ ಹಾಲು ಕಾಸುತ್ತಿದ್ದಾಗ ಹಿತ್ತಲಲ್ಲಿ ದೊಡ್ಡ ಸದ್ದಾಯಿತು. ಹುಲ್ಲುಬಣವೆಯ ಮಾವಿನ ಮರದ ಕೊಂಬೆ, ಒಳಗೆಲ್ಲ ಟೊಳ್ಳಾಗಿತ್ತೋ ಏನೋ, ಗಾಳಿಯೂ ಇಲ್ಲದೆ ಮುರಿದು ಬಿದ್ದಿತ್ತು. ಒಲೆ ಸಣ್ಣ ಮಾಡಿ ಓಡಿದೆ. ನನಗಿಂತ ಮೊದಲು ಅಲ್ಲಿಗೆ ಬಂದದ್ದು ಚಿಕ್ಕಜ್ಜಿಯ ಎಮ್ಮೆ. ಬಿಳಿ ಸೀತಾಳೆಯ ದಪ್ಪ ಎಲೆಗಳನ್ನು ಕಬ್ಬು ಅಗಿದ ಹಾಗೆ ಅಗಿಯುತ್ತಿತ್ತು. ನಾನು ಹಾಯ್ ಹಾಯ್ ಎಂದು ಕೂಗಿ ಹೊಡೆದರೆ ತಲೆ ಎತ್ತಿ ನೋಡಿ ಮತ್ತೆ ಬಾಯಿ ಹಾಕಿತು. ಚಿಕ್ಕಜ್ಜಿ ಹಗ್ಗ ಹಿಡಿದು ಬಂದು ಎಳೆಯುವ ಹೊತ್ತಿಗೆ ಎಲೆ, ತುದಿಯ ಸುಳಿ ಎಲ್ಲ ಹೋಗಿತ್ತು. ಉಳಿದದ್ದು ಬೇರಿನ ಗಂಟು, ಒಣಗಿದ ಹೂದಂಡು, ಅದರ ಮೇಲೆ ಒಂದು ಕಾಯಿ. ನಿಮ್ಮ ಅಜ್ಜನ ಚಹಾದ ಹೊತ್ತು ನೆನಪಿಗೆ ಬಂತು. ಅಳಲಿಲ್ಲ.

"ನನ್ನ ಎಮ್ಮೆಗೆ ಬರಬಾರದ್ದು ಬರಲಿ" ಎಂದು ಚಿಕ್ಕಜ್ಜಿ ಎಮ್ಮೆಯ ಬೆನ್ನಿಗೆ ಗುದ್ದಿದಳು. "ಊರಲ್ಲಿ ಇಷ್ಟು ಹುಲ್ಲು ಇದೆ, ಇದೇ ಬೇಕಾಯ್ತಾ ನಿಂಗೆ? ಅಕ್ಕಾ, ಬೇರು ಇದೆಯಲ್ಲೇ, ಮತ್ತೆ ಕಟ್ಟನ. ಚಿಗುರ್ತದೆ."

ಕಟ್ಟಿದೆವು. ಚಿಗುರಲಿಲ್ಲ. ಸುಳಿ ಹೋದ ಸೀತಾಳೆ ಬಹಳ ಸಲ ಹಾಗೇ ಕೊಳೆಯುತ್ತದೆ ಎಂದು ಆಮೇಲೆ ತಿಳಿಯಿತು. ಆ ದಿನವೇ ಮೇಡಂಗೆ ಫೋನು ಮಾಡಿದ್ದು ಚಿಕ್ಕಜ್ಜಿ. ನನಗೂ ಕೇಳುವ ಹಾಗೆ ಫೋನನ್ನು ನಡುವೆ ಹಿಡಿದಿದ್ದಳು.

"ಕಾಯಿ ಒಡದಿಲ್ಲಲ್ರಿ?"

"ಇಲ್ಲ ಮೇಡಂ, ಹಸಿರೇ ಇದೆ. ಬೆರಳಿನಷ್ಟು ದಪ್ಪ."

"ಹಂಗಾರ ಬೀಜ ಬಲಿತಿರತೈತಿ. ಒದ್ದಿ ಬಟ್ಟಿಯಾಗ ಸುತ್ತಬ್ಯಾಡ್ರಿ, ಒಣ ಕಾಗದದಾಗ ಇಡ್ರಿ. ಶನಿವಾರ ಬರ್ತೀನಿ, ಅವತ್ತs ಬಿತ್ತೂಣು. ತಡಾ ಆದ್ರ ಕಾಯಿ ಬಾಡಿ ಒಡೀತೈತಿ. ಇನ್ನೊಂದು ಗಿಡಾ ಎಲ್ಲಾದರೂ ಐತೇನ್ರಿ?"

ಮನ್ಮನೆಯಲ್ಲಿ ಇರಲಿಲ್ಲ. ನಾನು ನೋಡಿದ ಯಾವ ಊರಿನಲ್ಲೂ ಇರಲಿಲ್ಲ. ಆ ಕಾಯಿ ಹೋದರೆ ಬಿಳಿ ಸೀತಾಳೆಯೇ ಹೋಯಿತು. ನಮ್ಮ ಪೆಟ್ಟಿಗೆಯಲ್ಲಿ ಅಲ್ಲಿಯ ತನಕ ಬಿತ್ತಿದ್ದರಲ್ಲಿ ಒಂದು ಬಾಟಲಿಯೂ ಉಳಿದಿರಲಿಲ್ಲ. ಹಳೆಯ ಪಂಚಾಂಗದ ಹಾಳೆಯಲ್ಲಿ ಕಾಯಿ ಸುತ್ತಿ ಅಕ್ಕಿ ಡಬ್ಬಿಯ ಮೇಲೆ ಇಟ್ಟು, ಹೋಗುತ್ತ ಬರುತ್ತ ಬಿಚ್ಚಿ ನೋಡುತ್ತಿದ್ದೆ.

ಶನಿವಾರಕ್ಕೆ ಮುಂಚೆ ಪೆಟ್ಟಿಗೆಯ ತೋಳುಗಳನ್ನು ಬಿಚ್ಚಿ ತಂದು ಒಗೆಯುವುದು ನನ್ನ ಕೆಲಸ. ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಒಳಮಗ್ಗುಲು ಹೊರಗೆ ಮಾಡಿ ಕಲ್ಲಿನ ಮೇಲೆ ಹರಡಿದೆ. ಮೊಣಕೈ ಬರುವ ಜಾಗದಲ್ಲಿ ಸುತ್ತಲೂ ಹಳದಿ ಕಲೆ. ಉಜ್ಜಿದರೆ ಹೋಗಲಿಲ್ಲ. ಸೋಪು ತಾಗಿದ ಕಡೆ ಕೆಂಪಗೆ ತಿರುಗಿತು. ಸೋಪಿಗೆ ಕೆಂಪಾಗುವ ಹಳದಿ ಯಾವುದು ಎಂದು ಬಟ್ಟೆ ಒಗೆಯುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಹೊಲಿಗೆಯ ಸಂದಿಯಲ್ಲಿ ಒಂದು ತುಂಡು ದಾರವೂ ಸಿಕ್ಕಿತು.

ಚಿಕ್ಕಜ್ಜಿ ಎಮ್ಮೆಗೆ ನೀರು ಕುಡಿಸಲು ಅಲ್ಲೇ ಬಂದಿದ್ದಳು. ಕರೆದೆ.

"ತಂಗೀ, ಪೆಟ್ಟಿಗೆ ಒಳಗೆ ಕೈ ಹಾಕೂವಾಗ ನಿಮ್ಮ ಕೈಯಲ್ಲಿ ಎಂತದಾದ್ರೂ ಇರ್ತದಾ?"

"ಎಂತದೂ ಇಲ್ಲ. ಬಳೆ ಎಲ್ಲಾ ತಟ್ಟೆಗೇ ಹಾಕೂದು. ನೀನೇ ಕಾಣ್ತಿ ಅಲ್ಲ."

ನಾನು ತೋಳಿನ ಬಟ್ಟೆ ತೋರಿಸಿದೆ. ಅವಳು ನೋಡಿದಳು, ಎಮ್ಮೆಯ ಕಡೆ ತಿರುಗಿದಳು, ಮತ್ತೆ ನೋಡಿದಳು. ಆಮೇಲೆ ರವಿಕೆಯ ತೋಳಿನ ಅಂಚಿನಿಂದ ಒಂದು ದಾರ ಎಳೆದು ತೋರಿಸಿದಳು. ಅದಕ್ಕೆ ಸಣ್ಣ ಅರಿಶಿನ ಕೊಂಬು ಕಟ್ಟಿತ್ತು.

"ಬರೀ ಕೈಯಲ್ಲಿ ಹೆಂಗೆ ಕೂರೂದೇ ಅಕ್ಕಾ? ಮನೆಯಲ್ಲಿ ಗಂಡ ಇದ್ದಾನೆ. ಬಳೆ ಬಿಚ್ಚೂ ದಿನ ಎಲ್ಲರೂ ಇದನ್ನು ಮುಂಗೈಗೆ ಕಟ್ಕಂಡು, ಮೇಡಂಗೆ ಕಾಣದ ಹಾಗೆ ಮೇಲಕ್ಕೆ ಸರಿಸ್ಕಂತೇವೆ. ಬಳೆ ತೊಟ್ಟ ಮೇಲೂ ರಟ್ಟೆಯಲ್ಲೇ ಇರ್ತದೆ. ಪೆಟ್ಟಿಗೆ ಒಳಗೆ ಹೋದ ಮೇಲೆ ಅದು ಜಾರಿ ಕೆಳಗೆ ಬರ್ತದೆ. ಬಂದ್ರೆ ಬರಲಿ ಬಿಡು, ಅರಿಶಿನ ಅಲ್ಲವಾ ಅಂತ. ಗಾಯಕ್ಕೆ ಹಚ್ಚೂದೇ ಅದನ್ನ. ಅರಿಶಿನದಿಂದ ಎಲ್ಲಾದ್ರೂ ಕೊಳಕಾಗ್ತದಾ?"

ನಾವು ಹಾಗೇ ಮಾಡುವುದು. ಬಳೆಗಾರ ಹಳೆಯ ಬಳೆ ತೆಗೆದು ಹೊಸದು ತೊಡಿಸುವ ನಡುವೆ, ಆಸ್ಪತ್ರೆಯಲ್ಲಿ ಕೈ ಬರಿದು ಮಾಡಿಸಿದಾಗ, ಅರಿಶಿನ ಕೊಂಬಿನ ದಾರ ಕಟ್ಟುತ್ತೇವೆ. ನಾನೂ ಕಟ್ಟಿಕೊಂಡವಳೇ. ಸಲದಿಂದ ಸಲಕ್ಕೆ ಅದೇ ದಾರ. ಬೆವರು, ಒದ್ದೆ, ಕೊಟ್ಟಿಗೆ, ಒಲೆ, ಎಲ್ಲವೂ ತಾಗಿದ್ದು. ಅದು ಜಾರಿ ಬಂದು ತೆರೆದ ಬಾಟಲಿಯ ಬಾಯಿಯ ಮೇಲೆ ತೂಗುವುದು ನನ್ನ ಕಣ್ಣಿಗೆ ಕಟ್ಟಿತು.

"ಮೇಡಂಗೆ ಹೇಳ್ತೀಯಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ಎಂತ ಮಾಡೂದು? ನಾನು ಬಿಚ್ಚೂದಿಲ್ಲ ನೋಡು. ಉಳಿದವರೂ ಬಿಚ್ಚೂದಿಲ್ಲ."

"ಬಿಚ್ಚು ಅಂತ ನಾ ಹೇಳಲಿಲ್ಲ. ಕಾಯಿ ನನ್ನದು. ನಾನೇ ಬಿತ್ತುತ್ತೇನೆ. ನನ್ನ ಕೈಯಲ್ಲಿ ತೆಗೆಯೂಕೆ ಎಂತದೂ ಇಲ್ಲ."

ಇಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಎಷ್ಟು ಕಾಲದ ಮೇಲೋ. ಕೈ ಸೋಪಿನ ನೊರೆಯಲ್ಲಿ ಇತ್ತು, ಸೆರಗಿನೊಳಗೆ ಇರಲಿಲ್ಲ. ಅವಳು ಅದನ್ನೇ ನೋಡುತ್ತ ನಿಂತಳು. ಮುತ್ತೈದೆಯರು ಬಿತ್ತುವಲ್ಲಿ ನೀನು ಹೇಗೆ ಎಂದು ಕೇಳಿಬಿಡುತ್ತಾಳೆ ಎಂದುಕೊಂಡೆ. ಕೇಳಿದ್ದರೆ ನಾನು ಸುಮ್ಮನಾಗಿಬಿಡುತ್ತಿದ್ದೆ, ಅದು ನನಗೆ ಗೊತ್ತು. ಅವಳು ಕೇಳಲಿಲ್ಲ. "ಸೋಪು ಕೊಡು ಇಲ್ಲಿ" ಎಂದು ಇನ್ನೊಂದು ತೋಳನ್ನು ಎಳೆದುಕೊಂಡು ಒಗೆಯತೊಡಗಿದಳು. ಎಮ್ಮೆ ಹಗ್ಗ ಎಳೆದುಕೊಂಡು ಹೊರಟುಹೋಯಿತು. ಅವಳಿಗೆ ಗೊತ್ತಾಗಲೇ ಇಲ್ಲ.

ಶನಿವಾರ ಮೇಡಂ ಬಂದರು. ಕುಕ್ಕರು ಕೂಗುತ್ತಿತ್ತು. ಕುಂಕುಮದ ತಟ್ಟೆ ಹಿಡಿದವಳು ಪೆಟ್ಟಿಗೆಯ ಕಡೆ ಹೋದಳು. ನಾನು ನಲ್ಲಿಯ ಕಡೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು, "ಇವತ್ತು ನಾನು ಬಿತ್ತುತ್ತೇನೆ" ಎಂದೆ. ಕುಕ್ಕರಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

"ಇವತ್ತು ಅಕ್ಕ ಬಿತ್ತೂದು" ಎಂದು ಚಿಕ್ಕಜ್ಜಿ ದೊಡ್ಡ ದನಿಯಲ್ಲಿ ಹೇಳಿದಳು.

"ಯಾರು, ಅವರಾ?" ಎಂದು ತಟ್ಟೆ ಹಿಡಿದವಳು ತಿರುಗಿದಳು. "ಅಲ್ಲ, ಬಿತ್ತೂದು ಅಂದ್ರೆ…"

"ಬಿತ್ತೂದು ಅಂದ್ರೆ ಬಿತ್ತೂದು. ಕಾಯಿ ಅವಳದ್ದು, ಗಿಡ ಅವಳದ್ದು, ಅದನ್ನು ತಿಂದ ಎಮ್ಮೆ ನಂದು. ನಿಂಗೆಂತ ಮಧ್ಯ? ಬಾಳೆಹಣ್ಣು ಸುಲಿ ಹೋಗು."

"ಪೆಟ್ಟಿಗೆಗೆ ಕುಂಕುಮ?"

"ಕುಕ್ಕರಿಗೆ ಹಚ್ಚು. ಹೆಂಗಸರ ಕಂಡ ಕೂಡ್ಲೇ ಸೀಟಿ ಹೊಡೀತದೆ, ಅದಕ್ಕೇ ಬೇಕು."

ನಗು ಎದ್ದಿತು. ಆದರೆ ಪೂರಾ ಏಳಲಿಲ್ಲ. ಇಬ್ಬರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಮೇಡಂಗೆ ಏನೂ ತಿಳಿದಿರಲಿಲ್ಲ. "ಬರ್ರಿ ಅಮ್ಮಾರ, ಕೈ ತೊಳಕೊಂಡು ಬರ್ರಿ" ಎಂದರು.

ತೋಳಿನೊಳಗೆ ಕೈ ತೂರಿಸಿದೆ. ಒಗೆದ ಬಟ್ಟೆಯ ವಾಸನೆ, ಬ್ಲೀಚಿಂಗ್ ಘಾಟು. ಗಾಜಿನ ಆಚೆ ನನ್ನ ಎರಡು ಕೈಗಳು ಎಲ್ಲರಿಗೂ ಕಾಣುವ ಹಾಗೆ ಬೆಳಕಿನಲ್ಲಿದ್ದವು. ಮುಚ್ಚಲು ಅಲ್ಲಿ ಸೆರಗಿಲ್ಲ. ಮೇಡಂ ಪಕ್ಕದಲ್ಲಿ ಕೂತು ಒಂದೊಂದೇ ಹೇಳುತ್ತಿದ್ದರು. ತೊಳೆದಿಟ್ಟ ಕಾಯಿಯನ್ನು ಚಿಮಟದಲ್ಲಿ ಹಿಡಿದು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಮಾವಿನ ಮಿಡಿ ಸೀಳಿದ ಹಾಗೆ ಬಿರುಸಾಗಿ ಒತ್ತಿದ್ದರಿಂದ ಅರ್ಧ ಹಾರಿ ಪೆಟ್ಟಿಗೆಯ ಮೂಲೆಗೆ ಬಿತ್ತು. "ಹೋಗ್ಲಿ ಬಿಡ್ರಿ, ಅದನ್ನ ಮುಟ್ಟಬ್ಯಾಡ್ರಿ. ಕೈಯಾಗಿದ್ದದ್ದು ಸಾಕು" ಎಂದರು ಮೇಡಂ. ಒಳಗೆ ಹತ್ತಿಗಿಂತ ನುಣುಪಾದ ಹಳದಿ ಬಿಳುಪಿನ ಪುಡಿ. ಅದರಲ್ಲಿ ಸ್ವಲ್ಪ ತೆಗೆದು ಬಾಟಲಿಯ ಮೇಲೆ ಅಲುಗಿಸಿ ಉದುರಿಸಿ ಮುಚ್ಚಳ ತಿರುಗಿಸಿದೆ. ಮತ್ತೊಂದು ಬಾಟಲಿ. ಮತ್ತೊಂದು. ಒಂದು ಕೈಜಾರಿ ಮಗುಚಿತು. ಉಳಿದವನ್ನೆಲ್ಲ ಮುಗಿಸಿ ಕೈ ಹೊರಗೆ ತೆಗೆದೆ. ಚಿಕ್ಕಜ್ಜಿ ಒಂದು ಲೋಟ ಚಹಾ ತಂದು ಕೈಗೆ ಕೊಟ್ಟಳು.

ಆಮೇಲೆ ನಾನು ಆ ಕೋಣೆಯ ಕಡೆ ಹೋಗಲಿಲ್ಲ. ಜ್ವರ ಎಂದೆ, ಗದ್ದೆ ಕೆಲಸ ಎಂದೆ. ನಿಜ ಎಂದರೆ ನೋಡಲು ಹೆದರಿಕೆ. ಮೆಟ್ಟಿಲ ಮೇಲೆ ಹೋಗಿ ಕೂತವರ ಬಾಯಲ್ಲಿ ಮುಂದೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲು ಮುತ್ತೈದೆಯರು ಬಿತ್ತಿದ್ದೂ ಕೆಟ್ಟಿತ್ತು, ಆದರೆ ಅದಕ್ಕೆ ಯಾರೂ ಅವರ ಕೈಗುಣ ಎಂದಿರಲಿಲ್ಲ. ನನ್ನದು ಕೆಟ್ಟರೆ ಕಾರಣ ಹುಡುಕಬೇಕಾದ್ದಿರಲಿಲ್ಲ. ಚಿಕ್ಕಜ್ಜಿ ಬೇಲಿಯಾಚೆಯಿಂದ, "ಎರಡು ಬಾಟಲಿಗೆ ಬೂಷ್ಟು ಬಂತು ಅಕ್ಕಾ" ಎಂದು ಹೇಳಿದಳು. ನಾನು ಸೊಪ್ಪು ಹೆಚ್ಚುತ್ತ ತಲೆ ತಗ್ಗಿಸಿದೆ. "ಎರಡಕ್ಕೇ ಬಂದದ್ದು ಅಂತ ಹೇಳ್ತಾ ಇದ್ದೇನೆ. ಕಿವಿ ಕೇಳ್ತದಾ? ಉಳಿದದ್ದು ಚೊಕ್ಕ ಇದೆ" ಎಂದು ಬೈದಳು.

ಚೊಕ್ಕ ಇದ್ದರೆ ಆಗಲಿಲ್ಲ, ಮೊಳೆಯಬೇಕು. ಶಿವರಾತ್ರಿಯ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಬಂದು, ನನ್ನ ಕೈಯಿಂದ ಕತ್ತಿ ಕಸಿದು ಕೆಳಗಿಟ್ಟು, ರಟ್ಟೆ ಹಿಡಿದು ಕೋಣೆಗೆ ಎಳೆದುಕೊಂಡೇ ಹೋದಳು. ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಪುಡಿ ಪುಡಿ ಇದ್ದದ್ದು ಕಾಳು ಕಾಳಾಗಿತ್ತು. ರಾಗಿಗಿಂತ ಸಣ್ಣ ಕಾಳು, ಕೆಲವು ಹಳದಿ, ಕೆಲವು ಎಳೆ ಹಸಿರು. ಬಾಟಲಿಯ ತಳ ಪೂರ್ತಿ.

"ಎಂತದೇ ಇದು, ಇಷ್ಟು!" ಎಂದಳು.

"ಎಮ್ಮೆಯಿಂದ ದೂರ ಇಡು" ಎಂದೆ. ಅವಳು ಎಷ್ಟು ನಕ್ಕಳೆಂದರೆ ಬಾಟಲಿ ಬಿದ್ದೀತೆಂದು ನಾನೇ ಕಸಿದುಕೊಂಡೆ.

ಮಳೆಗಾಲಕ್ಕೆ ಒಂದೊಂದು ಕಾಳಿಗೂ ಎಲೆಯ ಮೂತಿ ಬಂತು. ಹೊಸ ಊಟ ಮಾಡಿ, ಬಿಡಿಸಿ, ಬೇರೆ ಬಾಟಲಿಗೆ ಹಾಕಿದೆವು. ಮರುವರ್ಷದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಕಿಟಕಿಯಲ್ಲಿ ನೀವು ನೋಡಿದ್ದು ಆ ಬಾಟಲಿಗಳನ್ನೇ. ದಾರದ ಸಂಗತಿಯನ್ನು ಚಿಕ್ಕಜ್ಜಿ ಆಮೇಲೆ ತಾನೇ ಮೇಡಂಗೆ ಹೇಳಿದಳು. ಮೇಡಂ ಹಣೆಗೆ ಕೈ ಹಚ್ಚಿಕೊಂಡು, "ಅಯ್ಯ, ನಮ್ಮವ್ವನೂ ಹಂಗs ಮಾಡ್ತಾಳಲ್ರೀ, ನನಗ ಹೊಳೀಲೇ ಇಲ್ಲ" ಎಂದು ನಕ್ಕರು. ಹೆಂಗಸರು ಈಗಲೂ ದಾರ ಬಿಚ್ಚುವುದಿಲ್ಲ. ಅದಕ್ಕಾಗಿ ಸಂಘದ ಬಿತ್ತನೆ ಈಗ ನನ್ನದೇ. ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರಲ್ಲಿ ಒಬ್ಬಳು ತನ್ನ ಊರಿನ ಕಾಯಿ ತಂದು, "ನಿಮ್ಮದು ಬಿತ್ತೋ ಕೈ" ಎಂದಳು. ಅವಳ ಮಗಳ ಮದುವೆಯಲ್ಲಿ ಕುಂಕುಮದ ತಟ್ಟೆ ಮಾತ್ರ ನನ್ನನ್ನು ದಾಟಿಯೇ ಹೋಯಿತು. ಎರಡೂ ನಿಜ. ಮದುವೆ ಊಟ ಚೆನ್ನಾಗಿತ್ತು. ಅವಳ ಸಸಿಗಳೂ ಚೆನ್ನಾಗಿವೆ.

ಈ ಮಳೆ ಮುಗಿದ ಮೇಲೆ ಬಿಳಿ ಸೀತಾಳೆಯ ಸಸಿಗಳನ್ನು ಬಾಟಲಿಯಿಂದ ಹೊರಗೆ ತೆಗೆದೆವು. ಅಂಟಿದ ಊಟವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ತುಂಡಿಗೆ ನೂಲಿನಲ್ಲಿ ಕಟ್ಟಿ ನೆರಳಿನಲ್ಲಿ ಇಟ್ಟೆವು. ಎಷ್ಟೋ ಸತ್ತವು, ಎಷ್ಟೋ ಬದುಕಿದವು. ಬದುಕಿದ್ದರಲ್ಲಿ ಕೆಲವು ಮನ್ಮನೆಗೆ ಹೋದವು, ಕೆಲವು ಚಿಕ್ಕಜ್ಜಿಯ ಮನೆಯ ಮರಕ್ಕೆ, ಎಮ್ಮೆಗೆ ಎಟುಕದ ಎತ್ತರಕ್ಕೆ. ದೀಪಾವಳಿಗೆ ಬಂದ ನಿಮ್ಮ ಅಮ್ಮನ ಕೈಯಲ್ಲಿ ಕೆಲವನ್ನು ಕಿರವತ್ತಿಗೆ ಕಳಿಸಿದ್ದೇನೆ. ಅಲ್ಲಿ ನಿಮ್ಮ ಮನೆಯವರ ಧಾಬಾದ ಹಿಂದೆ ಲಾರಿ ನಿಲ್ಲುವ ಕಡೆಯ ಮರಕ್ಕೆ ಬೇಡ, ಹೊಗೆ ಬಡಿಯುತ್ತದೆ. ಬಾವಿಯ ಕಡೆಯದಕ್ಕೆ ಕಟ್ಟಿ.

ಹೂ ಬಿಡಲು ಇನ್ನೂ ಕೆಲವು ವರ್ಷ ಬೇಕು. ಬಿಳಿಯೇ ಬರುತ್ತದೆ ಎಂದು ಮೇಡಂ ಮಾತು ಕೊಡುವುದಿಲ್ಲ. ಜೇನುಹುಳ ಯಾವ ಗಿಡದಿಂದ ಏನು ತಂದು ಸೇರಿಸಿತ್ತೋ ಯಾರು ಬಲ್ಲರು ಎನ್ನುತ್ತಾರೆ. ಚುಕ್ಕೆ ಬಂದರೂ ಅರ್ಧ ನಮ್ಮದೇ, ಕಿತ್ತು ಎಸೆಯಬೇಡಿ. ಬಿಳಿ ಬಂದ ವರ್ಷ ನಾನು ಇದ್ದರೆ ಫೋನು ಮಾಡಿ "ಬಂತು" ಎಂದಷ್ಟು ಹೇಳಿ, ಸಾಕು. ಇಲ್ಲದಿದ್ದರೆ, ಇದು ಎಲ್ಲಿಯದು, ಯಾರು ತಂದದ್ದು, ಯಾವ ಕೈಯಿಂದ ಉಳಿಯಿತು ಎಂದು ಯಾರಾದರೂ ಕೇಳಿದಾಗ ನೀವು ಹೇಳಬೇಕಲ್ಲ. ಅದಕ್ಕೇ ಇಷ್ಟನ್ನೂ ಬರೆದೆ. ಅಪ್ಪೀ, ಎಣ್ಣೆ ಕೈಯಲ್ಲಿ ಈ ಹಾಳೆಗಳನ್ನು ಹಿಡಿಯಬೇಡ. ಪುಟ್ಟೀ, ನೀನು ಇವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಮ್ಮನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಡು. ಗೋಡೆಗೆ ತಾಗಿಸಿ ಇಡಬೇಡ, ಗೆದ್ದಲು ಬರುತ್ತದೆ. ಮಳೆಗಾಲದಲ್ಲಿ ಒಮ್ಮೆ ತೆಗೆದು ಬಿಸಿಲು ಕಂಡ ದಿನ ಒಣಗಿಸಿ, ಮತ್ತೆ ಅಲ್ಲೇ ಇಡು.